ಓದಿ ಹೇಳಲಾಗಿ ಒಪ್ಪಿರುತ್ತಾರೆ

ಮಾರ್ಚ್ ೪

ಪೂಜ್ಯ ಭಾವನವರ ಸನ್ನಿಧಿಗೆ,

ಕಚೇರಿಯ ಎದುರಿನ ಜಗುಲಿಯಲ್ಲಿ ಮೂವತ್ತೆಂಟು ವರ್ಷ ಕುಳಿತು ಊರಿನವರ ಅರ್ಜಿಗಳನ್ನು ಬರೆದವನು ಇಂದು ತನ್ನದೇ ಅಹವಾಲನ್ನು ಹಿಡಿದು ತಮ್ಮ ಬಾಗಿಲಿಗೆ ಬಂದಿದ್ದೇನೆ. ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾವಿಬ್ಬರೂ ವಿದೇಶ ಪ್ರವಾಸದಿಂದ ಹಿಂತಿರುಗಿ ಇಂದಿಗೆ ಹದಿನಾರು ದಿನ. ವಿಮಾನ ನಿಲ್ದಾಣದಲ್ಲಿ ತಾವು ಪೆಟ್ಟಿಗೆ ಎತ್ತಿಕೊಂಡು "ಬರ್ತೀನಿ" ಎಂದಷ್ಟೇ ಹೇಳಿ ಹೊರಟವರು, ಆಮೇಲೆ ಕಾಗದವಿಲ್ಲ, ಮಾತಿಲ್ಲ. ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ತಮ್ಮ ಅಂಗಡಿಯ ಗಡಿಯಾರಗಳ ಸದ್ದು ಕೇಳಿಸಿತು, ತಮ್ಮ ಧ್ವನಿ ಕೇಳಿಸಲಿಲ್ಲ.

ಐದನೆಯ ದಿನದ ಸಂಗತಿಯೇ ತಮ್ಮ ಮುನಿಸಿಗೆ ಕಾರಣವೆಂದು ಊಹಿಸಿ, ಸದರಿ ದಿನದ ವಿವರಗಳನ್ನು ಇದ್ದದ್ದು ಇದ್ದ ಹಾಗೆ ನಿವೇದಿಸುತ್ತಿದ್ದೇನೆ.

ಬೆಳಿಗ್ಗೆ ಹೋಟೆಲಿನ ಮುಂದೆ ಹಳದಿ ಬಾವುಟದ ಬಸ್ಸುಗಳು ಎರಡು ನಿಂತಿದ್ದವು. ನಮ್ಮದು ಮುಂದಿನದೆಂದು ನಾನು ಹೇಳಿದ್ದು ನಿಜ. ಊರು ದಾಟುವ ಹೊತ್ತಿಗೆ, ಸುತ್ತ ಕುಳಿತವರೆಲ್ಲರೂ ಯಾವುದೋ ಮದುವೆಗೆ ಹೊರಟ ಹೆಣ್ಣಿನ ಕಡೆಯವರೆಂದು ತಿಳಿಯಿತು. ಆಗ ತಾವು, "ಬೇಗ ಇಳಿಯೋ ಒಕ್ಕಣೆರಾಯ, ಗಂಡು ಕೈಕೊಟ್ರೆ ನಿನ್ನೇ ಹಸೆಗೆ ಕೂರಿಸ್ತಾರೆ" ಎಂದು ನಕ್ಕದ್ದು ಜ್ಞಾಪಕವಿರಬಹುದು. ಇಳಿಯುವ ಗಡಿಬಿಡಿಯಲ್ಲಿ, ಆಸನದ ಮೇಲಿದ್ದ ತಮ್ಮ ಕನ್ನಡಕದ ಮೇಲೆ ಯಾರೋ ಕುಳಿತಂತಾಗಿ ಅದು ಎರಡು ತುಂಡಾಯಿತು. ಅನಂತರ ದೊಡ್ಡ ಚೌಕದಲ್ಲಿ ಫೋಟೋಕ್ಕೆಂದು ನಿಂತಾಗ ನೆಲದೊಳಗಿನಿಂದಲೇ ಕಾರಂಜಿ ಚಿಮ್ಮಿ ಇಬ್ಬರೂ ಸೊಂಟದವರೆಗೆ ನೆನೆದೆವು. ಇಷ್ಟರಲ್ಲಿ ಯಾವುದಕ್ಕೂ ತಾವು ಬೇಸರಪಡಲಿಲ್ಲ.

ಅಲ್ಲಿಂದ ನೇರವಾಗಿ, ಇಳಿಹೊತ್ತಿನಲ್ಲಿ, ಹಳೆಯ ಗಡಿಯಾರಗೋಪುರದ ವಸ್ತುಸಂಗ್ರಹಾಲಯ. ಅಲ್ಲಿನ ಆಳೆತ್ತರದ ಲೋಲಕದ ಗಡಿಯಾರದ ಮುಂದೆ ತಾವು ತಲೆ ವಾಲಿಸಿ ನಿಂತಿರಿ. "ಕೇಳೋ, ಕುಂಟ್ತಾ ಇದೆ. ಒಂದು ಹೆಜ್ಜೆ ಉದ್ದ, ಒಂದು ಗಿಡ್ಡ." ಐವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಕಿವಿ, ಸರಿ. ಆದರೆ ಹಗ್ಗ ದಾಟಿ, ಗಾಜಿನ ಬಾಗಿಲು ತೆರೆದು, ಲೋಲಕಕ್ಕೆ ಕೈ ಹಾಕಿ ಎಂದು ಅಪ್ಪಣೆ ಕೊಟ್ಟವರು ಯಾರು? ಗಡಿಯಾರ ನಿಂತಿತು, ಎಚ್ಚರಿಕೆಯ ಗಂಟೆ ಬಾರಿಸಿತು, ಕಾವಲುಗಾರರು ಬಂದರು.

ಕಾವಲುಕೋಣೆಯಲ್ಲಿ ಲಿಖಿತ ಹೇಳಿಕೆ ಕೇಳಿದಾಗ ಬರೆದುಕೊಟ್ಟವನು ಈ ಭಾವಮೈದುನ. ಒಂದೂವರೆ ಪುಟ, ಒಂದು ಚಿತ್ತಿಲ್ಲ. ಪ್ರವಾಸದ ಮಾರ್ಗದರ್ಶಕಿ ಅದನ್ನು ಅವರ ಭಾಷೆಗೆ ತಿರುಗಿಸಿದಳು. ಅದರ ಫಲವಾಗಿ ಎರಡೇ ಗಂಟೆಯಲ್ಲಿ ತಮ್ಮ ಬಿಡುಗಡೆಯಾಯಿತು. ಅಷ್ಟರಲ್ಲಿ ನಾನು ಉಳಿದವರೊಂದಿಗೆ ಸಂಜೆಯ ಪ್ರದರ್ಶನಕ್ಕೆ ಹೋಗಿ, ನಾಟಕಶಾಲೆಯ ಬಾಗಿಲಲ್ಲಿ ಕಾಯುತ್ತಿದ್ದ, ಆ ಊರಿನಲ್ಲೇ ನೆಲೆಸಿರುವ ತಮ್ಮ ಮಗಳಿಗೆ ಗಾಬರಿಯಾಗದಂತೆ, "ಅಪ್ಪಂಗೆ ಹೊಟ್ಟೆ ಕೆಟ್ಟಿದೆ, ರೂಮಲ್ಲಿ ಮಲಗಿದಾರೆ" ಎಂದು ನಿಭಾಯಿಸಿದೆ. ಐದು ತಿಂಗಳ ಗರ್ಭಿಣಿಗೆ ಬೇರೆ ಏನು ಹೇಳಬಹುದಿತ್ತು? ಪ್ರದರ್ಶನವೂ ಚೆನ್ನಾಗಿತ್ತು. ವಿದೂಷಕನೊಬ್ಬ ರಂಗದಿಂದ ಇಳಿದುಬಂದು, ನಮ್ಮಿಬ್ಬರ ನಡುವಿನ ತಮ್ಮ ಖಾಲಿ ಕುರ್ಚಿಗೆ ರಾಜನಿಗೆಂಬಂತೆ ನಡುಬಗ್ಗಿಸಿ ಕೈಮುಗಿದ. ಸಭೆಯೆಲ್ಲ ನಕ್ಕಿತು.

ಇದರಲ್ಲಿ ನನ್ನ ತಪ್ಪೇನೆಂದು ತಿಳಿಸಿದಲ್ಲಿ ಉಪಕೃತನಾಗುತ್ತೇನೆ. ಅಕ್ಕ ತೀರಿಕೊಂಡ ಆರು ವರ್ಷಗಳಲ್ಲಿ ನಮ್ಮ ನಡುವೆ ಇಷ್ಟು ಮೌನ ಬಿದ್ದದ್ದಿಲ್ಲ.

ತಮ್ಮ ಆಜ್ಞಾಧಾರಕ,
ಭಾವಮೈದುನ


ಮಾರ್ಚ್ ೨೯

ಒಕ್ಕಣೆರಾಯರಿಗೆ,

ನಿನ್ನ ಕಾಗದ ತಲುಪಿತು. ಹೊಸ ಕನ್ನಡಕ ಬಂದ ಮೇಲೆ ಓದಿದೆ. ಆ 'ಯಾರೋ' ಯಾರೆಂದು ನನಗೆ ಗೊತ್ತು. ಕುಳಿತವರ ಭಾರವೂ ಗೊತ್ತು. ಅದಕ್ಕೆ ನನಗೆ ಕೋಪವಿಲ್ಲ. ಹಗ್ಗ ದಾಟಿದ್ದು ನನ್ನ ತಪ್ಪು, ಅದನ್ನು ಯಾರು ಕೇಳಿದರೂ ಒಪ್ಪುತ್ತೇನೆ. ಮಗಳ ಕೆಲಸವನ್ನು ನೋಡಲಿಲ್ಲವಲ್ಲ ಎಂಬ ಸಂಕಟದಲ್ಲಿ ಬಾಯಿ ಬರಲಿಲ್ಲ, ಅಷ್ಟೆ. ಆ ಆಟದ ಉಡುಪುಗಳನ್ನು ಹೊಲಿದವಳು ಅವಳು. ನನ್ನನ್ನು ಬಿಡುವ ಹೊತ್ತಿಗೆ ಆಟ ಮುಗಿದು ಅವಳು ಮನೆಗೆ ಹೋಗಿದ್ದಳು, ಮರುದಿನ ಬೆಳಗಾಗುವ ಮೊದಲೇ ಬಸ್ಸು ಹೊರಟಿತು. ಮಗಳಿರುವ ಊರಿಗೆ ಹೋಗಿ ಮಗಳ ಮುಖ ನೋಡದೆ ಬಂದೆ. ಫೋನಿನಲ್ಲಿ ನಿನ್ನ ಹೊಟ್ಟೆಯ ಕಥೆಯನ್ನೇ ನಾನೂ ಹೇಳಿದೆ.

ಈಗ ವಿಷಯ ಬೇರೆ. ಜೂನ್ ಮಧ್ಯದಲ್ಲಿ ಅವಳಿಗೆ ದಿನ ತುಂಬುತ್ತದೆ. "ಅಪ್ಪ, ನೀವೇನೂ ಮಾಡ್ಬೇಡಿ. ಬಾಗಿಲ ಹೊರಗೆ ಕೂತಿರಿ ಸಾಕು. ನೀವು ಅಲ್ಲಿದೀರಿ ಅಂತ ಗೊತ್ತಿದ್ರೆ ನಂಗೆ ಧೈರ್ಯ" ಎಂದಿದ್ದಾಳೆ. ತಾಯಿಯಿದ್ದಿದ್ದರೆ ನನ್ನನ್ನು ಯಾರು ಕೇಳುತ್ತಿದ್ದರು? ವೀಸಾಕ್ಕೆ ಹಾಕಿದೆ. ತಿರಸ್ಕಾರವಾಯಿತು. ಕಾರಣ: ಹಿಂದಿನ ಭೇಟಿಯಲ್ಲಿ ಸಾರ್ವಜನಿಕ ಸ್ವತ್ತನ್ನು ಕೆಡಿಸಿದ್ದಾಗಿ ನಾನು ಸಹಿ ಹಾಕಿ ಒಪ್ಪಿಕೊಂಡಿದ್ದೇನಂತೆ.

ನಾನು ಯಾವಾಗ ಒಪ್ಪಿಕೊಂಡೆ? ಅವತ್ತು ಹಗ್ಗ ದಾಟಿದ್ದು ತಪ್ಪೆಂದೆ, ಅದರ ಜೊತೆಗೆ ನಿನಗೆ ಹೇಳಿದ್ದು ಎರಡು ಮಾತು. ಗಡಿಯಾರ ಮೊದಲೇ ಕುಂಟುತ್ತಿತ್ತು. ನಾನು ಕೆಡಿಸಲಿಲ್ಲ, ಸರಿಮಾಡಲು ನಿಲ್ಲಿಸಿದೆ. ಆ ಒಂದೂವರೆ ಪುಟದಲ್ಲಿ ನೀನು ಏನು ಬರೆದೆ? ನನಗೆ ಆಗ ಕಣ್ಣಿರಲಿಲ್ಲ. ನೀನು ಬೆರಳಿಟ್ಟು ತೋರಿಸಿದ ಕಡೆ ಸಹಿ ಹಾಕಿದೆ.

ನಿನ್ನ ಭಾವ


ಏಪ್ರಿಲ್ ೬

ಪೂಜ್ಯ ಭಾವನವರ ಸನ್ನಿಧಿಗೆ,

ತಿರಸ್ಕಾರದ ಸಂಗತಿ ತಿಳಿದು ಖೇದವಾಯಿತು. ಆದರೆ ಸದರಿ ಹೇಳಿಕೆಯಲ್ಲಿ ದೋಷವಿದೆಯೆಂಬ ಧ್ವನಿ ತಮ್ಮ ಕಾಗದದಲ್ಲಿ ಇರುವುದರಿಂದ ಕೆಲವು ಮಾತು ಹೇಳಬೇಕಾಗಿದೆ.

"ವಾದಿಸುವ ಅರ್ಜಿ ಹೊಸಿಲಲ್ಲೇ ಬೀಳುತ್ತದೆ, ಬಾಗುವ ಅರ್ಜಿ ಒಳಗೆ ಹೋಗುತ್ತದೆ" ಎಂಬುದು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಯಾರು ಮಾಡಿದ ಹಿರಿಯ ಬರಹಗಾರರ ಪಾಠ. ಅವರ ಅರ್ಜಿಗಳನ್ನು ಆರು ವರ್ಷ ನಕಲು ಮಾಡಿದ ಮೇಲೆಯೇ ನನ್ನ ಕೈಗೆ ಒಂದು ಸ್ವಂತ ವಾಕ್ಯ ಬಂದದ್ದು. ಆ ಪ್ರಕಾರ, ಗಡಿಯಾರ ಕುಂಟುತ್ತಿತ್ತೆಂಬ ವಾದವನ್ನು ಬಿಟ್ಟು, "ತಿಳಿದೋ ತಿಳಿಯದೆಯೋ ನನ್ನಿಂದ ಆಗಿರುವ ಸಕಲ ಅಪರಾಧಗಳನ್ನೂ ಮನ್ನಿಸಿ, ದಯಾಳುಗಳಾದ ತಾವು ಈ ದೀನನನ್ನು ಬಿಡುಗಡೆ ಮಾಡಬೇಕಾಗಿ ಬೇಡುತ್ತೇನೆ" ಎಂದು ಬರೆದೆ. ಇದು ತಪ್ಪೊಪ್ಪಿಗೆಯಲ್ಲ, ಅರ್ಜಿಯ ಮರ್ಯಾದೆ. ಬೀದಿದೀಪ ಹಾಕಿಸಿಕೊಡಿ ಎಂಬ ಅರ್ಜಿಯೂ ನನ್ನ ಕೈಯಲ್ಲಿ ಈ ಸಾಲಿನಿಂದಲೇ ಮುಗಿಯುತ್ತದೆ. ಬೀದಿದೀಪ ಕೇಳಿದವನನ್ನು ಈವರೆಗೆ ಯಾರೂ ಸೆರೆಗೆ ಹಾಕಿದ್ದಿಲ್ಲ.

ಆ ದೇಶದವರು ಇದನ್ನು ಅಕ್ಷರಶಃ ಹಿಡಿದರೆಂದರೆ ತಪ್ಪು ಭಾಷಾಂತರದ್ದು. ಆ ಹುಡುಗಿಗೆ ಬಸ್ಸಿನ ಅವಸರ. ಮರ್ಯಾದೆಯ ಮಾತು ಯಾವುದು, ಸಂಗತಿ ಯಾವುದು ಎಂಬ ವಿವೇಕ ಅವಳಿಗಿರಬೇಕಿತ್ತು. ಅವಳ ಮೇಲೆ ಪ್ರವಾಸದ ಕಚೇರಿಗೊಂದು ದೂರು ಬರೆದುಕೊಡಲು ಸಿದ್ಧನಿದ್ದೇನೆ.

ತಮ್ಮ ವಿಧೇಯ,
ಭಾವಮೈದುನ


ಏಪ್ರಿಲ್ ೨೪

ಒಕ್ಕಣೆರಾಯರಿಗೆ,

ದೂರು ಬರೆಯಬೇಡ. ಆ ಹುಡುಗಿ ನಿನ್ನೆ ನನ್ನ ಅಂಗಡಿಗೆ ತಾನಾಗಿಯೇ ಬಂದಿದ್ದಳು. ನಾನು ಫೋನಿನಲ್ಲಿ ವಿಷಯ ಹೇಳಿದ್ದೆ. ಹೇಳಿಕೆಯ ನಕಲು ಅವಳ ಕಡತದಲ್ಲಿತ್ತಂತೆ, ತಂದುಕೊಟ್ಟಳು. ಮೇಜಿನ ಮೇಲಿನ ತಿರುಪುಗಳನ್ನು ಸರಿಸಿ, ನಾನು ಸಹಿ ಹಾಕಿದ್ದನ್ನು ಮೊದಲ ಸಲ ಓದಿದೆ.

"ಅಂಕಲ್, ನಾನು ಅವತ್ತೇ ಅವರಿಗೆ ಹೇಳ್ದೆ. ಏನಾಯ್ತೋ ಅಷ್ಟೇ ಬರೀರಿ, ನಾಲ್ಕು ಸಾಲು ಸಾಕು ಅಂತ" ಎಂದಳು.

"ಅವನು ನಾಲ್ಕು ಸಾಲಲ್ಲಿ ಕೆಮ್ಮೋದೂ ಇಲ್ಲಮ್ಮ" ಎಂದೆ.

ಅವಳು ನಗಲಿಲ್ಲ. "ಅಪರಾಧ ಅನ್ನೋ ಮಾತು ಬಂದಾಗ ನಿಲ್ಲಿಸಿ ಕೇಳಿದೆ ಅಂಕಲ್. ಇದನ್ನ ಹೀಗೇ ಹೇಳ್ಲಾ, ಬಿಡ್ಲಾ ಅಂತ. 'ಒಂದಕ್ಷರ ಬಿಡಕೂಡದು, ಬಿಟ್ರೆ ಅರ್ಜಿ ಕೆಡತ್ತೆ' ಅಂದ್ರು. ನಿಮ್ಮ ಮನೆಯ ಹಿರಿಯರು, ನಾನೇನ್ ಮಾಡ್ಲಿ?" ಎನ್ನುವಾಗ ಅವಳ ಕಣ್ಣು ತುಂಬಿತ್ತು. ಅವಳ ಮೇಲೆ ಹೊರೆ ಹಾಕುವ ಮೊದಲು ಇದನ್ನು ನನಗೆ ನೀನು ಹೇಳಬಹುದಿತ್ತು.

ಅದೂ ಇರಲಿ. ಕೊನೆಯಲ್ಲಿ ನನ್ನ ಸಹಿಯ ಮೇಲೆ ಒಂದು ಸಾಲಿದೆ. "ಮೇಲ್ಕಂಡ ವಿವರಗಳನ್ನು ಅರ್ಜಿದಾರರಿಗೆ ಓದಿ ಹೇಳಲಾಗಿ, ಸರಿಯೆಂದು ಒಪ್ಪಿರುತ್ತಾರೆ."

ಯಾವಾಗ ಓದಿ ಹೇಳಿದೆ?

ಹೆಬ್ಬೆಟ್ಟು ಒತ್ತುವ ಮುದುಕಿಗೂ ಎರಡು ಸಲ ಓದಿ ಹೇಳದೆ ಬಿಟ್ಟವನಲ್ಲ ನೀನು. ಊಟಕ್ಕೆ ಕಾದು ಕಾದು ನಿನ್ನಕ್ಕ ಎಷ್ಟು ಸಲ ಬೈದಿಲ್ಲ, ನಾನು ಎಷ್ಟು ಸಲ ನಿನ್ನ ಪರ ಮಾತಾಡಿಲ್ಲ.

ವಕೀಲರನ್ನು ಕಂಡೆ. ಮೇಲ್ಮನವಿಗೆ ಮೇ ಮೂವತ್ತೊಂದರ ತನಕ ಅವಕಾಶವಿದೆ. ನಾನು ಏನು ಬರೆದರೂ ಉಪಯೋಗವಿಲ್ಲವಂತೆ. ಬರೆದವನೇ ತನ್ನ ಹೆಸರಿನಲ್ಲಿ, ಈ ಮಾತುಗಳು ಅವರವಲ್ಲ, ನನ್ನವು, ನಾನು ಓದಿ ಹೇಳಲಿಲ್ಲ ಎಂದು ಬರೆದುಕೊಡಬೇಕು. ಬೇಗ ಕಳಿಸು.

ನಿನ್ನ ಭಾವ


ಮೇ ೧೬

ಪೂಜ್ಯ ಭಾವನವರ ಸನ್ನಿಧಿಗೆ,

ತಡವಾದುದಕ್ಕೆ ಆರೋಗ್ಯವೇ ಕಾರಣವೆಂದು ಬರೆಯಲು ಹೊರಟಿದ್ದೆ. ಆರೋಗ್ಯ ಚೆನ್ನಾಗಿದೆ.

ಜಗುಲಿ ಬಿಟ್ಟು ಎಂಟು ವರ್ಷವಾದರೂ ಇಂದಿಗೂ ದಿನಕ್ಕೆ ಇಬ್ಬರೋ ಮೂವರೋ ನನ್ನ ಮನೆಯ ಬಾಗಿಲಿಗೆ ಬರುತ್ತಾರೆ. ಅಕ್ಷರ ಬಲ್ಲವರ ಮಕ್ಕಳೂ ಬರುತ್ತಾರೆ. ಅವರು ಬರುವುದು ನನ್ನ ಅಕ್ಷರದ ಅಂದಕ್ಕಲ್ಲ. ನಾನು ಓದಿ ಹೇಳಿದ್ದೇನೆಂದು ಬರೆದರೆ ಓದಿ ಹೇಳಿರುತ್ತೇನೆಂಬ ನಂಬಿಕೆಗೆ. ಹಾಗಲ್ಲವೆಂದು ನನ್ನದೇ ಸಹಿ ಇರುವ ಕಾಗದವೊಂದು ಲೋಕದಲ್ಲಿ ಓಡಾಡತೊಡಗಿದರೆ, ಹಿಂದಿನ ಮೂವತ್ತೆಂಟು ವರ್ಷಗಳ ಸಾಲುಗಳೆಲ್ಲ ಏನಾಗಬೇಕು? ತಾವು ಯೋಚಿಸಬೇಕು.

ಆದಾಗ್ಯೂ ತಮ್ಮ ಅಪೇಕ್ಷೆಯಂತೆ ಒಂದು ಹೇಳಿಕೆಯನ್ನು ಇದರೊಂದಿಗೆ ಇರಿಸಿದ್ದೇನೆ. "ಸಮಯದ ಅಭಾವ ಹಾಗೂ ಅರ್ಜಿದಾರರ ಕನ್ನಡಕದ ಅನಾನುಕೂಲತೆಯ ದೆಸೆಯಿಂದ ಓದಿ ಹೇಳುವ ಕ್ರಮದಲ್ಲಿ ಅಲ್ಪ ನ್ಯೂನತೆ ಉಂಟಾಗಿರಬಹುದಾಗಿದ್ದು" ಎಂದು ಆರಂಭಿಸಿದ್ದೇನೆ. ಇಷ್ಟು ಸಾಕಾಗಬಹುದೆಂದು ನಂಬಿದ್ದೇನೆ.

ತಮ್ಮ ವಿಧೇಯ,
ಭಾವಮೈದುನ


ಮೇ ೨೧

ಒಕ್ಕಣೆರಾಯ,

ನಿನ್ನ ಹೇಳಿಕೆಯನ್ನು ವಾಪಸು ಕಳಿಸಿದ್ದೇನೆ. ವಕೀಲರು ಎರಡು ಸಲ ಓದಿ, "ಇವರು ಏನೋ ಆಯ್ತು ಅಂತಾರೋ, ಏನೂ ಆಗ್ಲಿಲ್ಲ ಅಂತಾರೋ?" ಎಂದು ಕೇಳಿದರು. ನನಗೂ ತಿಳಿಯಲಿಲ್ಲ.

ಮಗಳು ನಿನ್ನೆ ಫೋನ್ ಮಾಡಿದ್ದಳು. ಟಿಕೆಟ್ ಆಯಿತೇ ಎಂದಳು. ಆಗುತ್ತದೆ ಎಂದೆ. ಅವಳಿಗೆ ನಾನು ಹೇಳಿದ ಎರಡನೆಯ ಸುಳ್ಳು ಇದು. ಮೊದಲನೆಯದು ನಿನ್ನದು.

ಹತ್ತು ದಿನ ಉಳಿದಿದೆ. ನಿನಗೆ ಬರೆಯಲಾಗದಿದ್ದರೆ ಆಗದೆಂದು ಹೇಳು. ನಾನು ಮಗಳಿಗೆ ಬರಲಾಗದೆಂದು ಹೇಳುತ್ತೇನೆ. ಕಾಯಿಸಬೇಡ.

ಭಾವ


ಮೇ ೨೭

ವೀಸಾ ಮೇಲ್ಮನವಿ ಅಧಿಕಾರಿಗಳಿಗೆ,

ಈ ಹೇಳಿಕೆ ನನ್ನದು. ಫೆಬ್ರವರಿಯಲ್ಲಿ ತಮ್ಮ ದೇಶದ ಗಡಿಯಾರಗೋಪುರದಲ್ಲಿ ನನ್ನ ಅಕ್ಕನ ಗಂಡನ ಹೆಸರಿನಲ್ಲಿ ಕೊಟ್ಟ ಹೇಳಿಕೆಯನ್ನು ಬರೆದವನು ನಾನು.

ಅವರು ನನಗೆ ಹೇಳಿದ್ದು: ಗಡಿಯಾರದ ನಡಿಗೆ ಮೊದಲೇ ಸರಿಯಿರಲಿಲ್ಲ, ಅದನ್ನು ಕೆಡಿಸಲಿಲ್ಲ, ಹಗ್ಗ ದಾಟಿ ಮುಟ್ಟಿದ್ದು ತಪ್ಪು. ಇದರಲ್ಲಿ ಒಂದನ್ನೂ ನಾನು ಬರೆಯಲಿಲ್ಲ. ಸಕಲ ಅಪರಾಧಗಳನ್ನು ಒಪ್ಪುವ ಮಾತುಗಳು ನನ್ನ ಅಭ್ಯಾಸದಿಂದ ಬಂದವು. ಅನುವಾದಕಿ ಎಚ್ಚರಿಸಿದರು. ನಾನು ಕೇಳಲಿಲ್ಲ.

ಅವರ ಕನ್ನಡಕ ಆ ಬೆಳಿಗ್ಗೆ ಮುರಿದಿತ್ತು. ಅದರ ಮೇಲೆ ಕುಳಿತವನು ನಾನು. ಹೇಳಿಕೆಯನ್ನು ನಾನು ಅವರಿಗೆ ಓದಿ ಹೇಳಲಿಲ್ಲ. ಓದಿ ಹೇಳಿದ್ದೇನೆಂದು ಬರೆದದ್ದು ಸುಳ್ಳು. ಓದಿದ್ದರೆ ಅವರು ಸಹಿ ಹಾಕುತ್ತಿರಲಿಲ್ಲ. ಮತ್ತೆ ಬರೆಯಬೇಕಾಗುತ್ತಿತ್ತು, ಬಸ್ಸು ಹೊರಡುವುದರಲ್ಲಿತ್ತು.

ಈ ಕಾಗದವನ್ನು ಇಂದು ಅವರ ಅಂಗಡಿಗೆ ಹೋಗಿ ಅವರೆದುರು ಗಟ್ಟಿಯಾಗಿ ಓದಿದ್ದೇನೆ. ಎರಡು ಕಡೆ ತಡೆದು ತಿದ್ದಿಸಿದರು. ಹೊಸದಾಗಿ ಬರೆಯದೆ, ಹೊಡೆದುಹಾಕಿದ ಗುರುತುಗಳನ್ನು ಹಾಗೆಯೇ ಬಿಟ್ಟಿದ್ದೇನೆ.

ಸಹಿ,
ನಿವೃತ್ತ ಅರ್ಜಿ ಬರಹಗಾರ


ಜುಲೈ ೭

ಮಾವ,

ಅಪ್ಪ ತಲುಪಿದ್ದಾರೆ. ಜೂನ್ ಇಪ್ಪತ್ತಕ್ಕೆ ವೀಸಾ ಬಂತು, ಇಪ್ಪತ್ತಾರಕ್ಕೆ ಬಂದರು. ಮಗು ಹುಟ್ಟಿದ್ದು ಹದಿನಾಲ್ಕಕ್ಕೆ. ಹೆಣ್ಣು. ಹನ್ನೆರಡು ದಿನದ ಮಗುವನ್ನು ಎತ್ತಿಕೊಂಡು ಅಪ್ಪ ಮೊದಲು ಮಾಡಿದ್ದೇನು ಗೊತ್ತೇ? ಎದೆಗೆ ಕಿವಿ ಇಟ್ಟು ಕೇಳಿದರು. "ಸರಿಯಾಗಿ ನಡೀತಿದೆ" ಎಂದರು. ಆಮೇಲೆ ಅತ್ತರು.

ಎಂಟು ಗಂಟೆ ನೋವು ತಿಂದೆ. ನಮ್ಮವರು ಜೊತೆಗಿದ್ದರು, ಆಸ್ಪತ್ರೆಯವರೂ ಒಳ್ಳೆಯವರು. ಆದರೂ ಪ್ರತಿ ಸಲ ಬಾಗಿಲು ತೆರೆದಾಗ ಹೊರಗಿನ ಬೆಂಚು ಕಾಣುತ್ತಿತ್ತು. ನಾನು ಅದನ್ನು ನೋಡದೆ ಇರಲು ಆಗಲಿಲ್ಲ.

ಅಪ್ಪ ಎಲ್ಲವನ್ನೂ ಹೇಳಿದರು. ನಿಮ್ಮನ್ನು ಬೈಯಲಿಲ್ಲ. "ಕೊನೆಗೆ ಬರೆದ, ಬಸ್ಸು ಹಿಡಿದು ಬಂದು ಓದಿದ, ಅಂಗಡಿಯಲ್ಲಿ ಗಿರಾಕಿಗಳೆಲ್ಲ ಕೇಳಿಸ್ಕೊಂಡ್ರು, ಆದ್ರೂ ನಿಲ್ಲಿಸಲಿಲ್ಲ" ಎಂದರು. ಅರ್ಜಿಯ ತಪ್ಪು ನನಗೆ ಅರ್ಥವಾಗುತ್ತದೆ ಮಾವ. ಹೊಲಿಗೆಯಲ್ಲಿ ನಾನೂ ಅಭ್ಯಾಸದ ಕೈಯಿಂದ ಬಟ್ಟೆ ಕೆಡಿಸಿದ್ದೇನೆ.

ನನಗೆ ಅರ್ಥವಾಗದೆ ಇರುವುದು ಆ ಸಂಜೆ. ಬಿಡುವಿನಲ್ಲಿ ನಾನು ಕೇಳಿದೆ, "ಮಾವ, ಹೋಟೆಲಿಗೆ ಹೋಗಿ ಅಪ್ಪನ್ನ ನೋಡ್ಕೊಂಡು ಬರ್ಲಾ? ಹತ್ತೇ ನಿಮಿಷದ ದಾರಿ." ನೀವು, "ಈಗಷ್ಟೇ ನಿದ್ದೆ ಹತ್ತಿದೆ, ಎಬ್ಬಿಸಬೇಡಮ್ಮ" ಎಂದಿರಿ. ನಾನು ಮತ್ತೆ ಕೇಳಿದೆ. ನೀವು ಮತ್ತೆ ಬೇಡವೆಂದಿರಿ. ಆಟ ಮತ್ತೆ ಶುರುವಾದ ಮೇಲೆ ಮೂರನೆಯ ಸಲ ಕೇಳಿದಾಗ, ರಂಗದ ಮೇಲಿನ ಕೆಂಪು ಅಂಗಿಯನ್ನು ತೋರಿಸಿ, "ಇದನ್ನೂ ನೀನೇ ಹೊಲಿದದ್ದಾ?" ಎಂದು ಕೇಳಿದಿರಿ. ನಾನು ಹಿಗ್ಗಿ ಹೋದೆ. ತೋಳಿನ ಮಡಿಕೆ ಹೇಗೆ ಹಾಕಿದೆ ಎಂದು ನಿಮಗೆ ವಿವರಿಸುತ್ತ ಕುಳಿತೆ. ಆ ಹೊತ್ತಿಗೆ ಅಪ್ಪ ಎರಡು ಬೀದಿಯಾಚೆ, ಒದ್ದೆ ಪ್ಯಾಂಟಿನಲ್ಲಿ, ಭಾಷೆ ಬಾರದವರ ನಡುವೆ ಕುಳಿತಿದ್ದರು. ನನಗೆ ಆ ಭಾಷೆ ಬರುತ್ತದೆ ಮಾವ. ಐದು ನಿಮಿಷ ಕೊಟ್ಟಿದ್ದರೆ ನಾನೇ ಹೋಗಿ ಮಾತಾಡಿ ಕರೆದುಕೊಂಡು ಬರುತ್ತಿದ್ದೆ.

ಯಾಕೆ ಹೇಳಲಿಲ್ಲ? ಗರ್ಭಿಣಿ, ಗಾಬರಿಯಾದೀತು ಎಂದು ಬರೆಯಬೇಡಿ. ಅದನ್ನು ಅಪ್ಪನಿಗೆ ಬರೆದಿದ್ದೀರಂತೆ.

ನಿಮ್ಮ ಸೊಸೆ


ಜುಲೈ ೧೯

ಮಗಳೇ,

ನಿನ್ನ ಕಾಗದಕ್ಕೆ ಮೂರು ಉತ್ತರ ಬರೆದೆ. ಮೂರೂ ಚೆನ್ನಾಗಿದ್ದವು. ಮೂರನ್ನೂ ಹರಿದೆ.

ನಿನಗೆ ಆ ಭಾಷೆ ಬರುತ್ತದೆಂಬುದು ನನಗೆ ಗೊತ್ತಿತ್ತು. ಬಾಗಿಲಲ್ಲಿ ನಿನ್ನನ್ನು ಕಂಡ ಕ್ಷಣವೇ ಹೊಳೆದಿತ್ತು. ನೀನು ಹೋದರೆ ಆ ಹೇಳಿಕೆಯನ್ನು ಓದುತ್ತೀಯೆ. ಓದಿದರೆ ನಿಮ್ಮಪ್ಪನಿಗೆ ಹೇಳುತ್ತೀಯೆ. "ಮಾವ, ಏನಿದು ಬರೆದಿದೀರಿ" ಎಂದು ಅಷ್ಟು ಜನರ ಮುಂದೆ ನೀನು ಕೇಳುವುದು ನನ್ನ ಕಿವಿಗೆ ಆಗಲೇ ಕೇಳಿಸಿತ್ತು. ಅದಕ್ಕೆ ಹೇಳಲಿಲ್ಲ. ನಿನಗೆ ಗಾಬರಿಯಾದೀತೆಂದು ಅಲ್ಲ. ನನಗೆ ಹೆದರಿಕೆಯಾಗಿತ್ತು. ಕೆಂಪು ಅಂಗಿಯನ್ನು ತೋರಿಸಿದ್ದು ಬೇಕೆಂದೇ. ನಿನ್ನ ಬಾಯಿಗೆ ಬೇರೆ ಕೆಲಸ ಕೊಡಲು.

ಅಂಗಿ ಚೆನ್ನಾಗಿತ್ತು. ಅದೊಂದು ಸುಳ್ಳಲ್ಲ.

ಕ್ಷಮಿಸು ಎಂಬ ಮಾತು ಈ ಕಾಗದದಲ್ಲಿಲ್ಲ. ಮರೆತದ್ದಲ್ಲ. ಬೇರೆಯವರ ಪರವಾಗಿ ಅದನ್ನು ಸಾವಿರಾರು ಸಲ ಬರೆದು, ನನ್ನ ಕೈ ಈಗ ಅದನ್ನು ನನ್ನನ್ನು ಕೇಳದೆಯೇ ಬರೆದುಬಿಡುತ್ತದೆ. ಅಂಥದ್ದನ್ನು ನಿನಗೆ ಕೊಡಲಾರೆ. ನೀನು ಬಾ ಎಂದರೆ ಬರುತ್ತೇನೆ, ಬಾಯಲ್ಲೇ ಹೇಳುತ್ತೇನೆ. ಸರಾಗವಾಗಿ ಬರಲಾರದು. ಕಾಯಬೇಕಾದೀತು. ಬೇಡವೆಂದರೆ, ಬೇಡವೆಂದೇ ಒಂದು ಸಾಲು ಬರೆ. ಕಾರಣ ಕೊಡಬೇಕಾಗಿಲ್ಲ.

ನಿನ್ನ ಮಾವ